ಮೊದಲ ಬೆದೆ

"ಏನ್ ಒರೆಸ್ತಿದ್ದೀಯ ಅಲ್ಲಿ?"

"ಯೋನಿ," ಎಂದಳು ಮೌನಿಕಾ.

ರಂಗೇಶ್ ಎದ್ದು ಕಿಟಕಿ ಮುಚ್ಚಿದ.

ಮೂರು ತಿಂಗಳ ಹೆಣ್ಣು ನಾಯಿಮರಿ ಹುರುಳಿ ಅವಳ ತೊಡೆಯ ಮೇಲೆ ಅಂಗಾತ ಬಿದ್ದು ಅವಳ ಹೆಬ್ಬೆರಳು ಕಚ್ಚುತ್ತಿತ್ತು. ಹುಟ್ಟಿನಿಂದಲೇ ಅದರದು ಒಳಸರಿದು ಚರ್ಮದ ಮಡಿಕೆಯಡಿ ಅಡಗಿದೆ. ಉಚ್ಚೆ ಅಲ್ಲೇ ನಿಂತು ಕೆಂಪಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸಬೇಕು, ಒಣಬಟ್ಟೆ ಒತ್ತಬೇಕು. ದಿನಕ್ಕೆರಡು ಸಲ. ಅಷ್ಟೇ.

ಅಷ್ಟನ್ನು ಹೇಳಲು ಪಶುವೈದ್ಯ ದಯಾನಂದ ನಿನ್ನೆ ದನಿ ತಗ್ಗಿಸಿದ್ದರು. "ದೊಡ್ಡ ಕಾಯಿಲೆ ಅಲ್ಲ ಮೇಡಂ. ಒಂದ್ಸಲ ಬೆದೆಗೆ ಬಂದ್ರೆ ಬಹುಶಃ ತಾನೇ ಸರಿಹೋಗುತ್ತೆ. ಅದಕ್ಕೆ ಮುಂಚೆ ಮಾತ್ರ ಮರಿಯಾಗದ ಆಪರೇಷನ್ ಮಾಡಿಸ್ಬೇಡ್ರಿ. ಮಾಡಿಸಿದ್ರೆ ಹಿಂಗೇ ಉಳಿದುಬಿಡಬಹುದು."

"ಬೆದೆ ಅಂದ್ರೆ ರಕ್ತ," ಎಂದ ರಂಗೇಶ್. "ಅವ್ವ ಸಂಜೆ ಬರ್ತಾಳೆ. ಇನ್ಮೇಲೆ ಇಲ್ಲೇ ಇರ್ತಾಳೆ. ಮನೆಯೊಳಗೆ ಅದೆಲ್ಲ ಆಗಲ್ಲ. ಈ ವಾರನೇ ಆಪರೇಷನ್ ಮಾಡಿಸು."

"ಡಾಕ್ಟ್ರು ಬೇಡ ಅಂದವ್ರೆ."

"ಡಾಕ್ಟ್ರ ಮನೇಲಿ ಅವ್ವ ಇಲ್ಲ."

ರಂಗೇಶ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಾನೆ. ಹೋದ ತಿಂಗಳು ಓದುಬಳಗದಲ್ಲಿ ಮಡಿಮೈಲಿಗೆಯ ವಿರುದ್ಧ ನಲವತ್ತು ನಿಮಿಷ ಮಾತಾಡಿದ. ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು. ಅದೇ ವಾರ ತನ್ನೂರು ಹಟ್ಟಿಯ ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆ ತಂದವನು ಅವನು. ನುಂಗಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಇವಳು. ಎಂಟು ವರ್ಷದಿಂದ ನುಂಗುತ್ತಿದ್ದಾಳೆ.

ಅವ್ವ ಬರುತ್ತಾಳೆಂದು ಅವನು ತಂದ ಈ ಸಲದ ಮಾತ್ರೆ ನಾಲ್ಕು ದಿನದಿಂದ ಮೇಜಿನ ಮೇಲಿತ್ತು. ಒಂದನ್ನೂ ಬಿಡಿಸಿರಲಿಲ್ಲ. ಹುರುಳಿಯ ಹೊಟ್ಟೆ ಬಿಸಿಯಾಗಿ ಏರಿಳಿಯುತ್ತಿತ್ತು. ಇದಕ್ಕೂ ಅದನ್ನೇ ಮಾಡಲು ಹೊರಟಿದ್ದಾನೆ, ಒಂದೇ ಸಲಕ್ಕೆ. ಒದ್ದೆ ಹತ್ತಿಯ ಜೊತೆ ಮಾತ್ರೆಯನ್ನೂ ಕಸದ ಬುಟ್ಟಿಗೆ ಹಾಕಿದಳು.

ಮಧ್ಯಾಹ್ನ, ಶಾಲೆಯಲ್ಲಿ, ಮುಟ್ಟಾಯಿತು.

ಸಂಜೆ ಹಿರೇಗುಂಟನೂರು ಕಡೆಯ ಬಸ್ಸಿಳಿದು ಬಂದ ಅತ್ತೆ ಕಾಟಮ್ಮ, ಟೀ ಲೋಟ ಪಕ್ಕಕ್ಕಿಟ್ಟು, ಹುರುಳಿಯನ್ನು ಕುರಿಮರಿಯಂತೆ ಹಿಂಗಾಲು ಹಿಡಿದು ಮಗುಚಿದಳು.

"ಒಳಕ್ಕೆ ಹೋಗೈತಲ್ಲೇ ಇದರದ್ದು! ಇಷ್ಟು ಓದೀರಿ, ಒಂದು ಗಂಡುಮರಿ ಆರಿಸೋಕೆ ಬರಲಿಲ್ವಾ?"

ಮೌನಿಕಾಗೆ ನಗು ಬಂತು. ನಕ್ಕರೆ ಇನ್ನು ಹೇಳಲಾಗುವುದಿಲ್ಲ.

"ಅತ್ತೆ, ನಾನು ಮುಟ್ಟಾಗೀನಿ."

ಕಾಟಮ್ಮ ಲೋಟ ನೋಡಿದಳು. "ಟೀ ನೀನೇ ಕಾಸಿದ್ದಾ?"

"ಹೂಂ. ಅಡಿಗೇನೂ ನಾನೇ ಮಾಡ್ತೀನಿ. ಇದು ಬೆದೆಗೆ ಬಂದಾಗ ಇದೂ ಒಳಗೇ ಇರ್ತೈತೆ. ಆಪರೇಷನ್ ಮಾಡಿಸಲ್ಲ."

ಮೌನಿಕಾ ಕೂಗಾಟಕ್ಕೆ ಸಿದ್ಧಳಾಗಿದ್ದಳು. ಕಾಟಮ್ಮ ಕೂಗಲಿಲ್ಲ. ಬ್ಯಾಗೆತ್ತಿಕೊಂಡು ಎದ್ದಳು.

"ನೀನಿರವ್ವ ಒಳಗೆ. ಮೂವತ್ತು ವರ್ಷ ತಿಂಗಳಿಗೆ ಮೂರು ದಿನ ಹಟ್ಟಿ ಆಚೆ ಗುಡ್ಲಲ್ಲಿ ಬಿದ್ದಿದ್ದೋಳು ನಾನು. ಹೊರಗೆ ಕುಂತ್ಕಳಾದು ನಂಗೇನು ಹೊಸದಾ?"

ಜಗಲಿಯ ಮೇಲೆ ಗೋಡೆಗೊರಗಿ ಕೂತಳು.

ರಂಗೇಶ್ ಬಂದವನು ಅವ್ವನನ್ನು ನೋಡಿದ, ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ.

"ಮಾತ್ರೆ ನುಂಗೋಕೆ ಏನಾಗಿತ್ತು ನಿಂಗೆ?"

"ಬುಟ್ಟೀಲಿ ಅವೆ. ನೀನು ನುಂಗು."

ಅವನು ಚಪ್ಪಲಿ ಬಿಡಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಹೋದ.

ಗೆದ್ದಿದ್ದಳು. ಅಡಿಗೆಮನೆ, ದೇವರಗೂಡು, ಹಾಸಿಗೆ, ಎಲ್ಲವೂ ಅವಳದೇ. ಒಂದೊಂದಾಗಿ ಮುಟ್ಟುತ್ತ ಓಡಾಡಿದಳು. ಬೇಡವೆನ್ನಲು ಯಾರೂ ಇರಲಿಲ್ಲ. ಎಲ್ಲಿ ಕೂರಬೇಕೆಂದು ತೋಚಲಿಲ್ಲ.

ರಂಗೇಶ್ ಹೋಟೆಲಿನಿಂದ ಮೂರು ಊಟ ಕಟ್ಟಿಸಿಕೊಂಡು ಬಂದ. ಎರಡನ್ನು ಜಗಲಿಯಲ್ಲಿ ಬಿಚ್ಚಿದ. ಮೂರನೆಯದನ್ನು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿದ. ಸರಿಯಾಗಿ ಎರಡು ಹೆಜ್ಜೆ. ಯಾರೂ ಕಲಿಸಬೇಕಾಗಿರಲಿಲ್ಲ.

"ತಗೋ," ಎಂದ, ರಸ್ತೆ ನೋಡುತ್ತ.

ತಗೊಳ್ಳಬೇಕಾದರೆ ಬಗ್ಗಬೇಕಿತ್ತು. ಮೌನಿಕಾ ನೆಟ್ಟಗೆ ನಿಂತೇ ಇದ್ದಳು. ಬೆನ್ನ ಹಿಂದೆ ಮೂರು ಕೋಣೆಗಳ ಆ ಮನೆ ಒಬ್ಬಳು ಮಾತ್ರ ಹಿಡಿಸುವಷ್ಟು ಕಿರಿದಾಗುತ್ತಿತ್ತು. ಪೊಟ್ಟಣದಿಂದ ಸಾರು ಸೋರಿ, ಹೊಸ್ತಿಲ ಉದ್ದಕ್ಕೂ ಕೆಂಪಗೆ ಗೆರೆ ಎಳೆಯತೊಡಗಿತು.