ಮುಷ್ಟಿಯೊಳಗಿನ ಫ್ಯೂಸು

ನನ್ನ ಗಂಡ ಒಸಯಾಂಡೆಯ ಹತ್ತಿರ ಒಂದು ಟೆಸ್ಟರ್ ಇದೆ. ಅದೊಂದು ಜೇಬಿನಲ್ಲಿದ್ದರೆ ಸಾಕು, ಇಡೀ ಬೆನಿನ್ ನಗರಕ್ಕೆ ಕರೆಂಟು ಕೊಡುವವನು ತಾನೇ ಎಂಬ ಗತ್ತು ಅವನಿಗೆ. ನಮ್ಮ ನಡುಮನೆಯ ದೀಪ ಕೆಲವು ದಿನಗಳಿಂದ ಮಿಣುಕುತ್ತಿತ್ತು. ಬಾಗಿಲು ದಢಾರೆಂದರೆ ಆರುತ್ತಿತ್ತು, ಇನ್ನೊಮ್ಮೆ ದಢಾರೆಂದರೆ ಹತ್ತುತ್ತಿತ್ತು. ಜೊತೆಗೆ ಚಾವಣಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮಗು ಮಲಗುವುದು ಅದರ ಕೆಳಗೇ.

"ಮಿಸ್ತ್ರಿನ ಕರೆಸು ಮಾರಾಯ" ಎಂದೆ.

"ಒಂದು ದೀಪಕ್ಕೆ ಮಿಸ್ತ್ರಿ ಬೇಕಾ? ನಾನೇನು ಸತ್ತಿದ್ದೀನಾ?"

"ಬಿಡ್ತು ಅನ್ನು!"

ಬಲ್ಬು ಬದಲಾಯಿಸಿದ, ಅದೇ ಕಥೆ. ಹೋಲ್ಡರ್ ಬಿಚ್ಚಿ ನೋಡಿದ, ಸ್ವಿಚ್ಚಿನ ಸ್ಕ್ರೂ ಬಿಗಿ ಮಾಡಿದ. ಎರಡೂ ಸರಿಯಾಗೇ ಇದ್ದವು. ಉಳಿದದ್ದು ಚಾವಣಿಯ ಮೇಲಿನ ವೈರುಗಳ ಜಾಯಿಂಟ್. ಸಂಜೆ ಮೀಟರಿನ ಪಕ್ಕದ ಫ್ಯೂಸು ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇದು ನಿನ್ನ ಕೈಲಿರೋ ತನಕ ನನಗೇನೂ ಆಗಲ್ಲ. ದೇವರೇ ಬಂದು ಕೇಳಿದ್ರೂ ಕೊಡಬೇಡ."

ಟೆಸ್ಟರ್ ಇಟ್ಟು ತೋರಿಸಿದ. ಅದರ ಕೆಂಪು ದೀಪ ಹೊತ್ತಲಿಲ್ಲ. ಮೇಜಿನ ಮೇಲೆ ಕುರ್ಚಿ ಇಟ್ಟು ಚಾವಣಿಯ ಚೌಕದ ತೂತಿನೊಳಗೆ ತೂರಿಕೊಂಡ. ಹಲಗೆಗಳು ಕಿರುಗುಟ್ಟಿದವು. ಅವನು ತೆವಳಿದ ಕಡೆಗೆ ನಾನೂ ಕೆಳಗೆ ಹೆಜ್ಜೆ ಹಾಕಿದೆ. ಎಬಾ ಮುದ್ದೆಗೆಂದು ಒಲೆಯ ಮೇಲಿಟ್ಟ ನೀರು ಕುದಿಯುತ್ತಿದೆ ಎಂಬುದೂ ಮರೆತುಹೋಗಿತ್ತು.

ಅಷ್ಟರಲ್ಲಿ ಬೀದಿಯ ಕರೆಂಟೂ ಹೋಯಿತು. ಮಕ್ಕಳೆಲ್ಲ "ಓ..." ಎಂದು ರಾಗ ಎಳೆದರು. ಹೊರಗೆ ಬಂದು ನೋಡುವಾಗ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಎಫೋಸಾನ ಅಪ್ಪ ಕೂಗಿದರು.

"ಮಗಳೇ, ಕತ್ತಲಲ್ಲಿ ಯಾಕೆ ನಿಂತಿದ್ದೀಯ? ತಡಿ, ಜನರೇಟರ್ ಹಾಕ್ತೀನಿ. ನಿಮಗೂ ಲೈಟ್ ಬರುತ್ತೆ."

"ಪುಣ್ಯ ಬರಲಿ ಮಾವ" ಎಂದೆ. ದಿನಾ ಹೇಳುವ ಮಾತು, ಬಾಯಿಂದ ತಾನಾಗಿ ಬಂತು.

ಅವರು ಹಗ್ಗ ಎಳೆದರು. ಜನರೇಟರ್ ಗುರ್ ಎಂದು ಸುಮ್ಮನಾಯಿತು. ಆಗ ನನ್ನ ಕಣ್ಣು ಗೋಡೆಯ ಮೇಲಿಂದ ನಮ್ಮ ಚಾವಣಿಗೆ ಹೋಗಿದ್ದ ಕಪ್ಪು ವೈರಿನ ಮೇಲೆ ಬಿತ್ತು.

ಅಯ್ಯೋ ದೇವರೇ! ನಮ್ಮ ಬೀದಿಯಲ್ಲಿ ಜನರೇಟರ್ ಇದ್ದವರು ಇಲ್ಲದವರ ಮನೆಗೆ ಒಂದು ದೀಪದ ವೈರು ದಾಟಿಸುತ್ತಾರೆ. ಅದಕ್ಕೆ ಬೇರೆಯೇ ಬಲ್ಬು ಹಾಕಬೇಕು. ನನ್ನ ಗಂಡ ಮಹಾಶಯ ಕ್ರಿಸ್‌ಮಸ್‌ನಲ್ಲಿ ಅದನ್ನು ನಡುಮನೆಯ ದೀಪದ ವೈರಿಗೇ ಸೇರಿಸಿಬಿಟ್ಟಿದ್ದ, ಚಾವಣಿಯ ಮೇಲೆ, ಈಗ ಬಿಚ್ಚುತ್ತಿದ್ದನಲ್ಲ, ಅದೇ ಜಾಯಿಂಟಿನಲ್ಲಿ. ಆ ಕರೆಂಟು ಮೀಟರಿನ ಕಡೆಯಿಂದ ಬರುವುದಿಲ್ಲ. ನನ್ನ ಕೈಯ ಫ್ಯೂಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

"ಮಾವಾ, ಬೇಡ!" ಎಂದು ಕಿರುಚಿದೆ. ಅದೇ ಹೊತ್ತಿಗೆ ಇಂಜಿನ್ ಶುರುವಾಯಿತು. ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಇಂಜಿನ್ ಸ್ವಲ್ಪ ಬಿಸಿಯಾಗಲು ಬಿಟ್ಟು ಆಮೇಲೆ ಅವರು ಕರೆಂಟು ಬಿಡುವ ಸ್ವಿಚ್ಚು ತಿರುಗಿಸುವುದು ರೂಢಿ. ಒಳಗೆ ಓಡಿ ಒಸಯಾಂಡೆಯನ್ನು ಕೂಗಲೇ, ಗೋಡೆ ಹತ್ತಲೇ? ಆಮೇಲೆ ಏನಾಯಿತೋ, ಹಾರಿ ಆ ವೈರಿಗೆ ಜೋತುಬಿದ್ದೆ. ಜನರೇಟರಿನ ಕಡೆಯ ತುದಿ ಕಿತ್ತುಬಂತು. ವೈರಿನ ಸಮೇತ ಕೆಸರಿಗೆ ಬಿದ್ದೆ.

ಎಫೋಸಾನ ಮನೆಯ ಕಿಟಕಿಗಳೆಲ್ಲ ಬೆಳಗಿದವು. ನಮ್ಮ ಮನೆ ಕತ್ತಲಲ್ಲೇ ಇತ್ತು.

ಒಳಗೆ ಓಡಿ ಮೇಜು ಹತ್ತಿ "ಒಸಯಾಂಡೆ!" ಎಂದೆ. ಮತ್ತೆ ಕೂಗಿದೆ. ಕೊನೆಗೆ ಚೌಕದಲ್ಲಿ ಧೂಳು ಮೆತ್ತಿದ ಮುಖ ಕಾಣಿಸಿತು. ಸಿಟ್ಟಿನಲ್ಲಿತ್ತು.

"ಯಾರೇ ಅದು ವೈರ್ ಎಳೆದಿದ್ದು? ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದೆ, ಚರ್ಮ ಕಿತ್ತೋಯ್ತು ನೋಡು!"

"ಯಾವ ವೈರು?"

"ಅದೇ, ಎಫೋಸಾನ ಅಪ್ಪ ಕೊಟ್ಟಿದ್ದ..." ಎಂದವನು ಅಲ್ಲಿಗೇ ನಿಂತ. ಪಕ್ಕದ ಮನೆಯ ಜನರೇಟರಿನ ಸದ್ದು ಅವನಿಗೆ ಆಗ ಕೇಳಿಸಿರಬೇಕು.

ಕೆಳಗೆ ಇಳಿಯಲು ಅವನಿಗೆ ನನ್ನ ಭುಜ ಬೇಕಾಯಿತು.

"ನನ್ನ ಲೈಟ್ ಬೇಡ್ವಾ ಮಗಳೇ? ವೈರ್ ಯಾಕೆ ಕಿತ್ತೆ?" ಎಂದು ನೊಂದುಕೊಂಡೇ ಬಂದರು ಎಫೋಸಾನ ಅಪ್ಪ. ಒಸಯಾಂಡೆ ತನ್ನ ಅಂಗೈ ಚಾಚಿ ತೋರಿಸಿದ. ಮುದುಕರು ಅದನ್ನು ನೋಡಿದರು, ಚಾವಣಿಯ ತೂತು ನೋಡಿದರು. ತಿರುಗಿ ಹೋದರು. ಸ್ವಲ್ಪ ಹೊತ್ತಿಗೆ ಜನರೇಟರ್ ನಿಂತಿತು.

ಆ ಸಂಜೆ ಎರಡು ಮನೆಗಳೂ ಕತ್ತಲಲ್ಲಿ ಕುಳಿತವು. ಫ್ಯೂಸು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.