ಇಲ್ಲದವಳ ಹೆಸರು

"ಏ ಅಮಾಲಿಯಾ, ಕಿವಿಗೇನು ಮಣ್ಣು ತುಂಬ್ಕಂಡಿದ್ದೀಯೇನೇ ಮುಂಡೆ?"

ಮೇಸ್ತ್ರಿಯ ಮೂರನೆಯ ಕೂಗಿಗೆ ಕ್ರಿಸ್ಪಿನಾ ತಿರುಗಿದಳು. ಅಮೆರಿಕದ ಫ್ರೆಸ್ನೊ ಊರಿನ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಅವಳು ಅಮಾಲಿಯಾ ಆಗಿ ಹನ್ನೊಂದು ಸುಗ್ಗಿ ಕಳೆದಿದ್ದವು. ಆ ದೇಶದಲ್ಲಿರಲು ಅವಳಿಗೆ ಕಾಗದವಿಲ್ಲ. ದುಡಿಯುವ ಕಾಗದ ಅಮಾಲಿಯಾ ಎಂಬ ಬೇರೊಬ್ಬ ಹೆಂಗಸಿನದು. ಹೆಸರು ಮೈಗೆ ಹತ್ತಿತ್ತು, ಕಿವಿಗೆ ಮಾತ್ರ ಇನ್ನೂ ಹತ್ತಿರಲಿಲ್ಲ. ಮೇಸ್ತ್ರಿ ಹೆನಾರೊನಿಗೆ ಇದೆಲ್ಲ ಗೊತ್ತಿತ್ತು. ಆ ಕಾಗದವನ್ನು ಗೊತ್ತುಮಾಡಿಕೊಟ್ಟವನೇ ಅವನು.

ಅವಳ ಮಗಳು ಯಾದಿರಾಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆರು ವರ್ಷದವಳಿದ್ದಾಗ ತಾಯಿಯ ಬೆನ್ನ ಮೇಲೆ ಮರಳುಗಾಡು ದಾಟಿ ಬಂದವಳು, ಅವಳಿಗೂ ಕಾಗದವಿಲ್ಲ. ಅಂಥವರಿಗೂ ಕ್ಯಾಲಿಫೋರ್ನಿಯಾ ರಾಜ್ಯ ಓದಲು ನೆರವು ಕೊಡುತ್ತದೆ. ಬಾಕಿ ಉಳಿದದ್ದು ಒಂದೇ: ತಾಯಿ ಎಲ್ಲಿ ದುಡಿಯುತ್ತಾಳೆಂಬುದಕ್ಕೆ ಪತ್ರ, ಶುಕ್ರವಾರದೊಳಗೆ. ಕಾಲೇಜು ಕಚೇರಿಯ ಹೆಂಗಸು ಕೂಲಿಚೀಟಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿ, ಈ ಅಮಾಲಿಯಾ ನಿನಗೇನಾಗಬೇಕು ಎಂದು ಕೇಳಿದ್ದಳಂತೆ. ಯಾದಿರಾ ಚೀಟಿ ಎತ್ತಿಕೊಂಡು ಎದ್ದು ಬಂದಿದ್ದಳು.

ಸಂಜೆ, ಮೆಕ್ಕೆಜೋಳದ ರೊಟ್ಟಿ ಮಗುಚುತ್ತಿದ್ದ ತಾಯಿಗೆ ಅವಳು ಹೇಳಿದ್ದು ಇಷ್ಟೆ:

"ನಿನ್ ಹೆಸ್ರು ಬರುದ್ರೆ ನಿಂಗೆ ಕೆಲ್ಸ ಇಲ್ಲ. ಅಮಾಲಿಯಾ ಅಂತ ಬರುದ್ರೆ ನೀನು ನಮ್ಮವ್ವ ಅಲ್ಲ. ಏನ್ ಬರೀಲವ್ವ?"

ಕ್ರಿಸ್ಪಿನಾ ರೊಟ್ಟಿ ತೆಗೆದಳು. ಅಂಚು ಕಪ್ಪಾಗಿತ್ತು. ಅದನ್ನು ತಾನೇ ತಿಂದಳು.

ಮರುದಿನ, ಗುರುವಾರ, ಊಟದ ಬಿಡುವಿನಲ್ಲಿ ಹೆನಾರೊನ ಗಾಡಿಯ ಬಳಿ ನಿಂತು, ಕ್ರಿಸ್ಪಿನಾ ಇಲ್ಲಿ ದುಡಿಯುತ್ತಾಳೆಂದು ಎರಡು ಸಾಲು ಬರೆದುಕೊಡುವಂತೆ ಕೇಳಿದಳು. ಅವನು ಬಾಯ ತುತ್ತನ್ನು ಅಗಿದು ಮುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಕ್ರಿಸ್ಪಿನಾ ಅನ್ನೋಳು ಈ ತೋಟ್ದಲ್ಲಿ ಯಾವಳೂ ಇಲ್ಲ. ಅವ್ವ ಸತ್ಲು ಅಂತ ಬರ್ಕಳಕ್ಕೇಳು ನಿನ್ ಮಗ್ಳಿಗೆ. ಬೇಗ ಕೊಡ್ತಾರೆ."

ಕೆಲವರು ನಕ್ಕರು. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ದಿನವಿಡೀ ಕತ್ತರಿ ಹಿಡಿದ ಬೆರಳಿನಂತೆ ಒಳಗೆಲ್ಲ ಜೋಮು.

ಆ ತೋಟದಲ್ಲಿ ಹಣ್ಣಿನ ಪೆಟ್ಟಿಗೆ ತುಂಬಿದವರು ಅದರ ಬದಿಗೆ ತಮ್ಮ ಹೆಸರು ಬರೆಯಬೇಕು. ಹಣ್ಣು ಕೆಟ್ಟರೆ ಬೈಯಲು ಹೆಸರು ಬೇಕಲ್ಲ. ಆ ಮಧ್ಯಾಹ್ನ ಅವಳು ಕ್ರಿಸ್ಪಿನಾ ಎಂದು ಬರೆದಳು. ಹನ್ನೊಂದು ವರ್ಷ ಬರೆಯದ ಹೆಸರು. ಮೊದಲ ಪೆಟ್ಟಿಗೆಯಲ್ಲಿ ಒಂದಕ್ಷರ ತಪ್ಪಿತು, ಎರಡನೆಯದರಲ್ಲಿ ಸರಿಹೋಯಿತು. ಆ ಎರಡನೆಯದರ ಹೆಸರಿದ್ದ ರಟ್ಟನ್ನು ಕತ್ತರಿಯಿಂದ ಕೊಯ್ದು, ಮಗಳಿಗೆ ಪತ್ರದ ಬದಲಿಗೆಂದು, ಅಂಗಿಯೊಳಗೆ ಇಟ್ಟುಕೊಂಡಳು.

ಹೆನಾರೊ ಪೆಟ್ಟಿಗೆಗಳನ್ನು ಓದುತ್ತ ಸಾಲಿನುದ್ದಕ್ಕೂ ಬಂದ.

"ಅಮಾಲಿಯಾ, ನಾಳಿಂದ ನೀ ಬರ್ಬೇಡ."

ಅವಳು ತಿರುಗಲಿಲ್ಲ. ಮೂರನೆಯ ಕೂಗಿಗೂ ತಿರುಗಲಿಲ್ಲ. ಗೊಂಚಲಿನ ಕೊಳೆತ ಹಣ್ಣು ಕತ್ತರಿಸುತ್ತಲೇ ಹೇಳಿದಳು:

"ಆ ಅಮಾಲಿಯಾನ ತೆಗ್ದಾಕಣ್ಣ. ಕ್ರಿಸ್ಪಿನಾ ಇಲ್ಲೇ ಇಲ್ಲ ಅಂದ್ಯಲ್ಲ. ಇಲ್ದೋಳನ್ನ ಹೆಂಗೆ ತೆಗೀತೀಯ?"

ಮುಂದಿನದನ್ನು ತೋಟದ ಹೆಂಗಸರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಹೊಡೆದನೆಂದು ಒಬ್ಬಳು, ಸುಮ್ಮನೆ ಗಾಡಿ ಹತ್ತಿ ಹೋದನೆಂದು ಇನ್ನೊಬ್ಬಳು. ಬಿಸಿಲು ಇಳಿಯುವವರೆಗೆ ಅವಳು ಸಾಲು ಬಿಟ್ಟು ಕದಲಲಿಲ್ಲ, ಪೆಟ್ಟಿಗೆಯ ಮೇಲೆ ಪೆಟ್ಟಿಗೆಯಾಗಿ ಅದೇ ಹೆಸರು ಏರುತ್ತಲೇ ಇತ್ತು ಎಂಬಲ್ಲಿ ಮಾತ್ರ ಎಲ್ಲರ ಮಾತೂ ಒಂದೇ.