ಇಪ್ಪತ್ತು ನಿಮಿಷದ ನೀರು

“ಕತ್ತೆ ಮುಂಡೇದೆ, ಹುಲ್ಲಿಗೆ ನೀರು ಹಾಕೋಕೂ ನಿನ್ನ ಕೈಗೆ ಲಕ್ವ ಹೊಡೆದಿದ್ಯಾ?”

ಯಜಮಾನರು ಬೆಳಿಗ್ಗೆ ಬೆಳಿಗ್ಗೆಯೇ ಇಷ್ಟು ಪ್ರೀತಿಯಿಂದ ಮಾತಾಡಿಸಿದರೆಂದರೆ ಅಂಗಳದ ಹುಲ್ಲು ಇನ್ನಷ್ಟು ಹಳದಿಯಾಗಿದೆ ಎಂದರ್ಥ. ಪೈಪಮ್ಮ ತಲೆ ತಗ್ಗಿಸಿದಳು. ಮಾಲಿಯಾಗಿದ್ದ ಗಂಡ ಸತ್ತ ಮೇಲೆ ಅವನ ಪೈಪು, ಅವನ ಕುಡುಗೋಲು, ಅವನ ತಾಯಿ, ಮೂರೂ ಅವಳ ಪಾಲಿಗೆ ಬಂದಿದ್ದವು. ಹೆಸರು ನೆನಪಿಟ್ಟುಕೊಳ್ಳುವ ಕಷ್ಟವನ್ನು ಆ ಮನೆಯವರು ತೆಗೆದುಕೊಂಡಿರಲಿಲ್ಲ. ಪೈಪು ಹಿಡಿದವಳು ಪೈಪಮ್ಮ.

ಅವಳು ಬಗ್ಗಿ ಹುಲ್ಲಿನ ಬುಡದ ಮಣ್ಣು ಒಂದು ಹಿಡಿ ಕಿತ್ತು ಅದುಮಿದಳು. ಉಂಡೆ ಕಟ್ಟಿತು. ಬೆರಳ ಸಂದಿಯಲ್ಲಿ ನೀರು ಜಿನುಗಿತು.

“ಜೇಡಿಮಣ್ಣು, ಯಜಮಾನ್ರೆ. ಕುಡಿದ ನೀರು ಬಿಡೋದೇ ಇಲ್ಲ. ಬೇರು ಕೊಳೀತಾ ಇದೆ. ಒಂದು ವಾರ ನೀರು ನಿಲ್ಸೋಣ. ಹಿತ್ತಿಲಲ್ಲಿ ಮರಳು, ಅಲ್ಲಿಗೇ ದಿನಾ ಸ್ವಲ್ಪ ಸ್ವಲ್ಪ ಬೇಕು.”

ಹಿತ್ತಿಲು ಎಂದದ್ದೇ ತಡ, ಯಜಮಾನರಿಗೆ ಎಲ್ಲ ಅರ್ಥವಾಯಿತು. ಅರ್ಥಮಾಡಿಕೊಳ್ಳುವುದರಲ್ಲಿ ಅವರು ಬಲು ಚುರುಕು. ಹಿತ್ತಿಲ ಪಂಪಿನ ಪಕ್ಕದ ಕೋಣೆಯಲ್ಲಿ ಇವಳೂ ಹಾಸಿಗೆ ಹಿಡಿದ ಅತ್ತೆಯೂ ಇದ್ದರು. ಬಾಗಿಲ ಮುಂದೆ ನಾಲ್ಕು ಬದನೆ, ಆರು ಮೆಣಸಿನ ಗಿಡ. ಅಂದರೆ ಹುಲ್ಲಿನ ನೀರು ಬದನೆಗೆ ಹೋಗುತ್ತಿದೆ! ಅವರು ಒಳಗಿನಿಂದ ಹುಲ್ಲು ಬೆಳೆಸುವ ಬಗ್ಗೆ ಅಚ್ಚಾದ ಹಾಳೆಯೊಂದನ್ನು ತಂದು ಅವಳ ಮುಖಕ್ಕೆ ಎಸೆದರು. ಬೆಳಿಗ್ಗೆ ಐದಕ್ಕೆ ಇಪ್ಪತ್ತು ನಿಮಿಷ, ಸಂಜೆ ಐದಕ್ಕೆ ಇಪ್ಪತ್ತು ನಿಮಿಷ. ಯಾವ ಮಣ್ಣಿಗೆ ಎಂದು ಬರೆದಿರಲಿಲ್ಲ. ಓದಿದವರು ಬರೆದ ಹಾಳೆ, ಅದಕ್ಕೆ ಮಣ್ಣಿನ ಗೊಡವೆ ಯಾಕೆ?

“ಮಗಳ ಮದುವೆ ಔತಣಕ್ಕೆ ಹತ್ತು ದಿನ ಇದೆ. ಒಂದು ನಿಮಿಷ ತಪ್ಪಿದ್ರೂ ಮುದುಕಿ ಸಮೇತ ಬೀದಿಗೆ. ನಿನ್ನ ಗಿಡಕ್ಕೆ ಒಂದು ಚೊಂಬು ಹೋದ್ರೂ ಅಷ್ಟೇ.”

ಅತ್ತೆ ಮಲಗಿದಲ್ಲಿಂದಲೇ ವಿಷಯ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಕುಡಿಯೋರಿಗೆ ಸಾಕು ಅಂದ್ರೆ ಕೋಪ ಬರುತ್ತೆ ಕಣೇ. ನಿನ್ನ ಮಾವನ್ನ ನಾನು ನೋಡಿಲ್ವಾ? ಕುಡಿಸು.”

ಪೈಪಮ್ಮ ಕುಡಿಸಿದಳು, ಗಡಿಯಾರ ನೋಡಿಕೊಂಡು. ಎರಡನೇ ದಿನ ಮಳೆ ಬಂತು. ಮಳೆಯಲ್ಲೇ ನಿಂತು ನೀರು ಹಾಕಿದಳು. ಕಿಟಕಿಯಿಂದ ಕಂಡ ಯಜಮಾನರು, ಬೈದ ಮೇಲೆ ದಾರಿಗೆ ಬಂದಳು ಎಂದು ಹೆಂಡತಿಗೆ ಹೇಳಿ ಖುಷಿಪಟ್ಟರು. ಅಂಗಳದ ಜೇಡಿ ಆ ಮಳೆಯನ್ನೂ ಹೊಟ್ಟೆಗಿಳಿಸಿ ಹಿಡಿದಿಟ್ಟುಕೊಂಡಿತು. ಹಿತ್ತಿಲ ಮರಳು ಮರುದಿನಕ್ಕೇ ಕೈ ಕೊಡವಿತು. ವಾರದೊಳಗೆ ಬದನೆಯಷ್ಟೂ ಒಣಗಿತು, ಮೆಣಸು ಐದು ಸತ್ತವು. ಆರನೆಯದಕ್ಕೆ ಅತ್ತೆ ತನ್ನ ಕುಡಿಯುವ ಲೋಟದಲ್ಲಿ ಅರ್ಧ ಉಳಿಸಿ ಕೊಡುತ್ತಿದ್ದಳು. ನನಗೆ ಬಾಯಾರಿಕೆಯೇ ಇಲ್ಲ ಎನ್ನುತ್ತಿದ್ದಳು, ಒಣಗಿದ ತುಟಿ ನೆಕ್ಕಿಕೊಳ್ಳುತ್ತ.

ಔತಣದ ದಿನ ಕೊಳೆತ ಹುಲ್ಲಿನ ಮೇಲೆ ಹಸಿರು ಚಾಪೆ ಹಾಸಿದರು. ದೊಡ್ಡ ಮನೆಗಳಲ್ಲಿ ಎಲ್ಲಕ್ಕೂ ಚಾಪೆ ಇರುತ್ತದೆ. ಬೀಗರು ಬಂದರು, ಕೂತರು. ಕೂತವರು ಮೆಲ್ಲಗೆ ತಗ್ಗತೊಡಗಿದರು. ಬೀಗಿತ್ತಿಯ ಕುರ್ಚಿ ಹಿಂದಕ್ಕೆ ವಾಲಿ, ಆಕೆ ತಟ್ಟೆಯೊಂದಿಗೆ ಆಕಾಶ ನೋಡಿದರು. ಅವರನ್ನು ಎತ್ತಲು ಧಾವಿಸಿದ ಯಜಮಾನರ ಬಲಗಾಲು ಎರಡು ಚಾಪೆಗಳ ಸಂದಿಯಲ್ಲಿ ಪಾದ ಮುಳುಗುವಷ್ಟು ಹೂತಿತು. ಎಳೆದರು, ಕಾಲು ಬಂತು, ಬೂಟು ಬರಲಿಲ್ಲ.

ಐದು ಹೊಡೆಯಿತು. ಪೈಪಮ್ಮ ಕೊಳಾಯಿ ತಿರುಗಿಸಿ, ಪೈಪು ಎಳೆದುಕೊಂಡು ಬೀಗರ ನಡುವೆ ಬಂದಳು. ಹಾಳೆ ಸೊಂಟದಲ್ಲಿತ್ತು. ನೀರು ಚಾಪೆಯ ಮೇಲೆ ಸುರಿಯಿತು, ಬೂಟು ತುಂಬಿತು.

“ನಿಲ್ಸೇ, ಬೋಳಿ. ನೀರು ನಿಲ್ಸು.”

“ಹತ್ತು ದಿನದ ಹಿಂದೆ ನಾನೂ ಇದನ್ನೇ ಹೇಳಿದ್ದೆ,” ಎಂದಳು ಪೈಪಮ್ಮ.

ಗೇಟಿನಾಚೆ, ಅವಳೇ ಬೆಳಿಗ್ಗೆ ಕೇಳಿ ತಂದ ಕೈಗಾಡಿಯಲ್ಲಿ, ಗಂಟುಗಳಿಗೆ ಒರಗಿ ಅತ್ತೆ ಕೂತಿದ್ದಳು. ಮಡಿಲಲ್ಲಿ ಡಬ್ಬದ ಮರಳಿನಲ್ಲಿ ನೆಟ್ಟ ಮೆಣಸಿನ ಗಿಡ. ಎಲ್ಲಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಪೈಪಮ್ಮ ಜಗಲಿ ಗೋಡೆಯ ಗಡಿಯಾರ ನೋಡಿದಳು. ಇನ್ನೂ ಹದಿನೇಳು ನಿಮಿಷ ಇತ್ತು.